ಮೆಲುದನಿಯನ್ನು ಬದಿಗಿಟ್ಟ ಗಾಯಕ: ರೆಮಾ ಅವರ ಎರಡನೆಯ ಆಲ್ಬಂ ‘ಹೇಯ್ಸ್’

ನೈಜೀರಿಯಾದ ಗಾಯಕ ರೆಮಾ ಅವರ ಎರಡನೆಯ ಸ್ಟುಡಿಯೊ ಆಲ್ಬಂ ‘ಹೇಯ್ಸ್’ 2024ರ ಜುಲೈ 11ರಂದು ಬಿಡುಗಡೆಯಾಯಿತು. ಅದೇ ವಾರ ರೆಮಾ ಮುಂಬಯಿಯಲ್ಲಿದ್ದರು. ದೇಶವೆಲ್ಲ ಮಾತಾಡಿಕೊಳ್ಳುತ್ತಿದ್ದ ಅಂಬಾನಿ ಕುಟುಂಬದ ಮದುವೆಯ ಸಂಭ್ರಮದಲ್ಲಿ ಅವರು ಹಾಡಿದ್ದು ‘ಕಾಮ್ ಡೌನ್’, ನೆರೆದಿದ್ದ ಸಿನಿಮಾ ತಾರೆಯರು ಕುಣಿದದ್ದೂ ಅದೇ ಹಾಡಿಗೆ. ಭಾರತದಲ್ಲಿ ರೆಮಾ ಎಂದರೆ ಇವತ್ತಿಗೂ ಆ ಒಂದು ಹಾಡೇ. ಮೊಬೈಲಿನ ರೀಲ್ಸ್‌ಗಳಲ್ಲಿ, ಮದುವೆ ಮನೆಗಳ ಡಿಜೆ ಪೆಟ್ಟಿಗೆಗಳಲ್ಲಿ, ಕಾಲೇಜು ಹಬ್ಬಗಳಲ್ಲಿ ಅದನ್ನು ಕೇಳದವರು ಕಡಿಮೆ. ಅದನ್ನು ಹಾಡಿದ ವ್ಯಕ್ತಿ, ಅದರ ಗುಂಗು ಇನ್ನೂ ಇಳಿಯದಿರುವಾಗಲೇ, ಅದಕ್ಕೆ ತದ್ವಿರುದ್ಧವಾದ ಒಂದು ಆಲ್ಬಂ ಮಾಡಿ ಹೊರತಂದಿದ್ದರು ಎಂಬ ಸಂಗತಿ ಇಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಮಿತ್ರರೇ, ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಆ ಆಲ್ಬಂ ಬಗ್ಗೆ ಮತ್ತು ಅದಕ್ಕೆ ಸಿಕ್ಕ ಸ್ವಾಗತದ ಬಗ್ಗೆ. ಯಶಸ್ಸು ಕಂಡ ಗಾಯಕನ ಎರಡನೆಯ ಆಲ್ಬಂ ಯಾವಾಗಲೂ ಕಷ್ಟದ್ದೇ. ಮೊದಲನೆಯದರಲ್ಲಿ ಮೆಚ್ಚಿಕೊಂಡದ್ದನ್ನೇ ಕೇಳುಗರು ಮತ್ತೆ ಬಯಸುತ್ತಾರೆ, ಕಂಪನಿಯವರಂತೂ ಅದನ್ನೇ ಬಯಸುತ್ತಾರೆ. ರೆಮಾ ಆ ಬಯಕೆಗೆ ಒಪ್ಪದೆ ತಮ್ಮ ಊರಿನ ಕಡೆಗೆ, ತಮ್ಮ ಬಾಲ್ಯದ ವೇಗದ ಹಾಡುಗಳ ಕಡೆಗೆ ತಿರುಗಿದರು. ಅದು ಸಿಟ್ಟಿನಿಂದಲೋ ಹುಡುಗಾಟದಿಂದಲೋ ಆದದ್ದಲ್ಲ, ತಿಳಿದೇ ಮಾಡಿದ ಆಯ್ಕೆ ಎಂಬುದು ನನ್ನ ವಾದ. ಅದನ್ನು ಆಯ್ಕೆ ಎಂದು ಕೇಳಿಸಿಕೊಂಡವರಿಗೆ ಆಲ್ಬಂ ದಕ್ಕಿತು, ‘ಕಾಮ್ ಡೌನ್’ನ ಮುಂದುವರಿಕೆ ಎಂದು ಕಾದು ಕುಳಿತವರಿಗೆ ಅದು ಬರೀ ಗದ್ದಲವಾಗಿ ಕೇಳಿಸಿತು.

ರೆಮಾ ಅವರ ಹುಟ್ಟು ಹೆಸರು ಡಿವೈನ್ ಇಕುಬೋರ್. ಹುಟ್ಟಿದ್ದು 2000ದ ಮೇ 1ರಂದು, ನೈಜೀರಿಯಾದ ಎಡೋ ರಾಜ್ಯದ ರಾಜಧಾನಿ ಬೆನಿನ್ ನಗರದಲ್ಲಿ. ಪಕ್ಕದಲ್ಲೇ ಬೆನಿನ್ ಎಂಬ ಬೇರೆ ದೇಶವೂ ಇರುವುದರಿಂದ ಅನೇಕರು ಇವೆರಡನ್ನು ಒಂದೇ ಎಂದುಕೊಳ್ಳುವುದುಂಟು. ನಾವು ಮಾತನಾಡುತ್ತಿರುವುದು ನೈಜೀರಿಯಾದೊಳಗಿನ ಹಳೆಯ ರಾಜಧಾನಿಯ ಕುರಿತು, ಓಬಾ ಎಂದು ಕರೆಯಲಾಗುವ ಅರಸರು ಶತಮಾನಗಳ ಕಾಲ ಆಳಿದ, ಹಿತ್ತಾಳೆಯ ಎರಕದ ಶಿಲ್ಪಗಳಿಗೆ ಜಗತ್ತೆಲ್ಲ ಹೆಸರಾದ ನಗರದ ಕುರಿತು. ಸಂಗೀತದಲ್ಲೂ ಅದು ಬಡ ಊರೇನಲ್ಲ. 1960ರ ದಶಕದಲ್ಲಿ ಹೈಲೈಫ್ ಎಂಬ ಪಶ್ಚಿಮ ಆಫ್ರಿಕಾದ ನೃತ್ಯಸಂಗೀತದ ದೊಡ್ಡ ಹೆಸರಾಗಿದ್ದ ಗಿಟಾರ್ ವಾದಕ ವಿಕ್ಟರ್ ಉವೈಫೊ ಅಲ್ಲಿಯವರೇ. ಅವರು 2021ರಲ್ಲಿ ತೀರಿಕೊಂಡರು. ಆದರೆ ಕಳೆದ ಎರಡು ದಶಕಗಳ ಪಾಪ್ ಸಂಗೀತದಲ್ಲಿ ಎಲ್ಲವೂ ದೇಶದ ಅತಿ ದೊಡ್ಡ ನಗರವಾದ ಲಾಗೋಸ್‌ನದೇ ಆಗಿತ್ತು. ಸ್ಟುಡಿಯೊ, ಹಣ, ರೇಡಿಯೊ, ಕ್ಲಬ್ಬು ಎಲ್ಲವೂ ಅಲ್ಲೇ ಇದ್ದುದರಿಂದ ಬೆನಿನ್‌ನ ಹುಡುಗನೊಬ್ಬ ಗಾಯಕನಾಗಬೇಕಾದರೆ ಲಾಗೋಸಿಗೆ ಹೋಗಿ ಲಾಗೋಸಿನವನಂತೆ ಹಾಡಲೇಬೇಕಿತ್ತು.

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ರೆಮಾ ಚರ್ಚಿನಲ್ಲಿ ಹಾಡುತ್ತ, ಗೆಳೆಯನೊಬ್ಬನ ಜೊತೆ ರ‍್ಯಾಪ್ ಮಾಡುತ್ತ ಬೆಳೆದರು. 2018ರಲ್ಲಿ ಗಾಯಕ ಡಿ’ಪ್ರಿನ್ಸ್ ಅವರ ಹಾಡೊಂದಕ್ಕೆ ತಮ್ಮದೇ ಸಾಲುಗಳನ್ನು ಹಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಅದನ್ನು ನೋಡಿದ ಡಿ’ಪ್ರಿನ್ಸ್ ರೆಮಾ ಅವರನ್ನು ಲಾಗೋಸಿಗೆ ಕರೆಸಿಕೊಂಡರು. ಡಿ’ಪ್ರಿನ್ಸ್ ಅವರ ಅಣ್ಣ ಡಾನ್ ಜಾಝಿ 2012ರಲ್ಲಿ ಕಟ್ಟಿದ ಮ್ಯಾವಿನ್ ಕಂಪನಿ ಆ ಹೊತ್ತಿಗಾಗಲೇ ನೈಜೀರಿಯಾದ ಪಾಪ್ ಸಂಗೀತದ ಮುಖ್ಯ ಕಾರ್ಖಾನೆಯಾಗಿತ್ತು. 2019ರಲ್ಲಿ ಬಂದ ರೆಮಾ ಅವರ ಮೊದಲ ನಾಲ್ಕಾರು ಹಾಡುಗಳಲ್ಲೊಂದಾದ ‘ಐರನ್ ಮ್ಯಾನ್’ ಬರಾಕ್ ಒಬಾಮಾ ಅವರ ಆ ವರ್ಷದ ಬೇಸಗೆಯ ಹಾಡುಗಳ ಪಟ್ಟಿಯಲ್ಲಿ ಸೇರಿತು, ‘ಡುಮೆಬಿ’ ಮನೆಮಾತಾಯಿತು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಆ ಹಾಡುಗಳಲ್ಲಿ ಅವರ ಧ್ವನಿಯ ಒಂದು ವಿಶೇಷವನ್ನು ಅಲ್ಲಿಯ ಕೇಳುಗರು ತಕ್ಷಣ ಗುರುತಿಸಿದರು. ಮೂಗಿನಿಂದ ಹೊರಡುವ, ಸಣ್ಣ ಸಣ್ಣ ಬಳುಕುಗಳಿರುವ ಅವರ ಸ್ವರ ಅರಬ್ ಮತ್ತು ಭಾರತೀಯ ಗಾಯನವನ್ನು ನೆನಪಿಸುತ್ತಿತ್ತು. ತಮ್ಮ ಸಂಗೀತಕ್ಕೆ ಅವರೇ ‘ಆಫ್ರೊರೇವ್’ ಎಂಬ ಹೆಸರನ್ನೂ ಕೊಟ್ಟುಕೊಂಡರು.

ಮೊದಲ ಆಲ್ಬಂ ‘ರೇವ್ ಆ್ಯಂಡ್ ರೋಸಸ್’ ಬಂದದ್ದು 2022ರ ಮಾರ್ಚಿನಲ್ಲಿ. ಅದಕ್ಕೂ ಒಂದು ತಿಂಗಳ ಮೊದಲೇ ಅದರ ಹಾಡೊಂದು ಹೊರಬಂದಿತ್ತು, ಅದೇ ‘ಕಾಮ್ ಡೌನ್’. ಆಂಡ್ರೆ ವೈಬ್ಸ್ ಮತ್ತು ಲಂಡನ್ ಎಂಬ ಇಬ್ಬರು ಪ್ರೊಡ್ಯೂಸರ್‌ಗಳು ಕಟ್ಟಿದ ಆ ಹಾಡಿನ ಲಯ ನಿಮಿಷಕ್ಕೆ 107 ಬೀಟ್‌ಗಳಷ್ಟು. ಕುಣಿಯಬೇಕೆನ್ನುವವರು ಕುಣಿಯಬಹುದು, ಕಾರಿನಲ್ಲಿ ಸುಮ್ಮನೆ ಕುಳಿತವರು ತಲೆಯಾಡಿಸಬಹುದು. ಅಮೆರಿಕದ ಗಾಯಕಿ ಸೆಲೆನಾ ಗೊಮೆಜ್ ಧ್ವನಿ ಸೇರಿದ ಅದರ ಇನ್ನೊಂದು ರೂಪ ಅದೇ ವರ್ಷದ ಆಗಸ್ಟಿನಲ್ಲಿ ಬಂದ ಮೇಲೆ ಹಾಡು ಎಲ್ಲ ಎಲ್ಲೆಗಳನ್ನೂ ದಾಟಿತು. ಬಿಲ್‌ಬೋರ್ಡ್‌ನ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೇರಿ, ಆ ಪಟ್ಟಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 2023ರ ಸೆಪ್ಟೆಂಬರಿನಲ್ಲಿ ಸ್ಪಾಟಿಫೈನಲ್ಲಿ ಆಫ್ರಿಕಾದ ಕಲಾವಿದರೊಬ್ಬರು ಮುಖ್ಯ ಗಾಯಕರಾಗಿರುವ ಹಾಡುಗಳ ಪೈಕಿ 100 ಕೋಟಿ ಬಾರಿ ಕೇಳಿಸಿಕೊಂಡ ಮೊದಲ ಹಾಡಾಯಿತು. ಅದೇ ತಿಂಗಳು ಎಂಟಿವಿಯ ವಿಡಿಯೊ ಪ್ರಶಸ್ತಿಗಳಲ್ಲಿ, ಪಶ್ಚಿಮ ಆಫ್ರಿಕಾದ ಈಗಿನ ಪಾಪ್ ಸಂಗೀತವಾದ ಆಫ್ರೊಬೀಟ್ಸ್‌ಗಾಗಿ ಮೊದಲ ಬಾರಿ ಇಟ್ಟ ಪ್ರಶಸ್ತಿಯೂ ಅದಕ್ಕೇ ಸಂದಿತು. ರೆಮಾ ಆ ವರ್ಷ ಭಾರತಕ್ಕೂ ಬಂದು ಹಾಡಿಹೋದರು.

ಆ ಹಾಡು ಚೆನ್ನಾಗಿಲ್ಲ ಎಂದು ನಾನು ಹೇಳುತ್ತಿಲ್ಲ, ಅದು ಬಹಳ ಕುಶಲವಾಗಿ ಕಟ್ಟಿದ ಹಾಡು. ಆದರೆ ಅದು ಒಂದು ದೀರ್ಘ ಬದಲಾವಣೆಯ ತುದಿಯಲ್ಲಿ ಬಂದ ಹಾಡೂ ಹೌದು, ‘ಹೇಯ್ಸ್’ ಅರ್ಥವಾಗಬೇಕಾದರೆ ಆ ಬದಲಾವಣೆಯನ್ನು ನಾವು ತಿಳಿಯಬೇಕು. ನೈಜೀರಿಯಾದ ಗಾಯಕ ಫೆಲಾ ಕುಟಿ 1970ರ ದಶಕದಲ್ಲಿ ಕಟ್ಟಿದ ಆಫ್ರೊಬೀಟ್ ಸಂಗೀತಕ್ಕೂ ಇಂದು ಆಫ್ರೊಬೀಟ್ಸ್ ಅಥವಾ ಆಫ್ರೊಪಾಪ್ ಎಂದು ಕರೆಯುವ ಸಂಗೀತಕ್ಕೂ ಹೆಸರಿನ ಹೋಲಿಕೆಯೇ ಹೆಚ್ಚು. ಫೆಲಾ ಅವರ ಒಂದೊಂದು ಹಾಡು ಹತ್ತು ಹದಿನೈದು ನಿಮಿಷ ನಡೆಯುತ್ತಿತ್ತು, ಅದರ ಬೆನ್ನಿಗೆ ದೊಡ್ಡ ವಾದ್ಯತಂಡವೂ ನೇರ ರಾಜಕೀಯವೂ ಇದ್ದವು. ಈಗಿನದು ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಮೂರು ನಿಮಿಷದ ಹಾಡು. ಈ ಹೊಸ ಪಾಪ್ ಸಂಗೀತ 2000ದ ನಂತರದ ಮೊದಲ ದಶಕದಲ್ಲಿ ಬಹುಮಟ್ಟಿಗೆ ವೇಗದ್ದಾಗಿತ್ತು. ಓಲು ಮೇಂಟೇನ್ ಅವರ ‘ಯಾಹೂಝೆ’ 2007ರಲ್ಲಿ ನೈಜೀರಿಯಾವನ್ನೇ ಕುಣಿಸಿತು. ಕೈಯಲ್ಲಿ ಗಂಟೆ ಹಿಡಿದು, ಗಂಟಲು ಹರಿಯುವಂತೆ ಕೂಗುತ್ತ ಹಾಡುತ್ತಿದ್ದ ಟೆರ‍್ರಿ ಜಿ ಎಂಬ ಗಾಯಕ ಆ ದಶಕದ ಕೊನೆಯಲ್ಲಿ ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದರು. ಬೆನಿನ್ ನಗರದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗನ ಕಿವಿಗೆ ಬಿದ್ದದ್ದು ಈ ಸಂಗೀತ.

2016ರ ಆಸುಪಾಸಿನಲ್ಲಿ ಗತಿ ಬದಲಾಯಿತು. ಘಾನಾದ ನಿಧಾನ ಲಯವನ್ನು ಮಿಸ್ಟರ್ ಈಝಿಯಂಥವರು ನೈಜೀರಿಯಾಕ್ಕೆ ತಂದರು, ರನ್‌ಟೌನ್ ಅವರ ‘ಮ್ಯಾಡ್ ಓವರ್ ಯು’ ಗೆದ್ದ ಮೇಲೆ ಎಲ್ಲರೂ ಅದೇ ಹಾದಿ ಹಿಡಿದರು. ಆಮೇಲೆ ದಕ್ಷಿಣ ಆಫ್ರಿಕಾದ ಅಮಾಪಿಯಾನೊ ಎಂಬ ನೃತ್ಯಸಂಗೀತ ಬಂತು. ಕಟ್ಟಿಗೆಯ ದಿಮ್ಮಿಯನ್ನು ಬಡಿದಂತಹ ಅದರ ಮಂದ್ರ ನಾದ ಲಾಗೋಸಿನ ಹಾಡುಗಳಲ್ಲೆಲ್ಲ ತುಂಬಿಕೊಂಡಿತು. ವಿಝ್‌ಕಿಡ್ ಮತ್ತು ಟೆಮ್ಸ್ ಹಾಡಿದ ‘ಎಸೆನ್ಸ್’, ಸಿಕೇ ಅವರ ‘ಲವ್ ನ್ವಾಂಟಿಟಿ’, ಆಮೇಲೆ ‘ಕಾಮ್ ಡೌನ್’, ಹೀಗೆ ಆಫ್ರಿಕಾದ ಹೊರಗೆ ಗೆದ್ದ ಹಾಡುಗಳೆಲ್ಲ ಮೆಲುದನಿಯವು. ಗೆದ್ದದ್ದನ್ನು ನೋಡಿ ಉಳಿದವರೂ ಮೆಲುದನಿಯಲ್ಲೇ ಹಾಡತೊಡಗಿದರು. ಇದರ ಹಿಂದೆ ವ್ಯಾಪಾರದ ಲೆಕ್ಕವೂ ಇದ್ದೇ ಇತ್ತು. 2024ರ ಫೆಬ್ರವರಿಯಲ್ಲಿ ಯೂನಿವರ್ಸಲ್ ಮ್ಯೂಸಿಕ್ ಮ್ಯಾವಿನ್ ಕಂಪನಿಯ ಬಹುಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಲಂಡನ್ನಿನ ಕೆಫೆಯಲ್ಲೂ ಲಾಸ್ ಏಂಜಲೀಸಿನ ಕಾರಿನಲ್ಲೂ ಯಾರಿಗೂ ಅಡ್ಡಿಯಾಗದೆ ಹರಿಯುವ ಸಂಗೀತಕ್ಕೆ ಬೆಲೆಯಿತ್ತು. ಈ ಹೊತ್ತಿನಲ್ಲಿ ರೆಮಾ, ಹೊರಗಿನವರನ್ನು ಮೆಚ್ಚಿಸುವ ಭರದಲ್ಲಿ ನಮ್ಮ ಸಂಗೀತ ತನ್ನ ಕಸುವನ್ನು ಕಳೆದುಕೊಳ್ಳುತ್ತಿದೆ ಎಂಬರ್ಥದ ಮಾತುಗಳನ್ನು ಸಂದರ್ಶನಗಳಲ್ಲಿ ಆಡತೊಡಗಿದರು.

ಮಾತಿಗಿಂತ ಮೊದಲೇ ಒಂದು ಸೂಚನೆ ರಂಗದ ಮೇಲೆ ಬಂದಿತ್ತು. ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಆಲ್ಬಂಗೆ ಬಂದ ಪ್ರತಿಕ್ರಿಯೆಯ ಬೇರು ಅಲ್ಲಿದೆ. 2023ರ ನವೆಂಬರ್ 14ರಂದು ಲಂಡನ್ನಿನ ಓಟು ಅರೀನಾದಲ್ಲಿ ರೆಮಾ ಅವರ ಕಾರ್ಯಕ್ರಮವಿತ್ತು. ಇಪ್ಪತ್ತು ಸಾವಿರ ಜನ ಹಿಡಿಯುವ ಆ ಸಭಾಂಗಣದಲ್ಲಿ ಅವರು ಕುದುರೆಯ ಮೇಲೆ ಕುಳಿತು, ಮುಖಕ್ಕೆ ಮುಖವಾಡ ಧರಿಸಿ ಪ್ರವೇಶಿಸಿದರು. ರಂಗದ ಮೇಲೆ ದೊಡ್ಡ ಬಾವಲಿಯೊಂದಿತ್ತು, ಬೆಳಕು ಕೆಂಪಾಗಿತ್ತು. ವಿಡಿಯೊ ನೈಜೀರಿಯಾ ತಲುಪುತ್ತಲೇ ಸಾಮಾಜಿಕ ಜಾಲತಾಣಗಳಲ್ಲಿ ಇದು ಸೈತಾನನ ಪೂಜೆ ಎಂಬ ಕೂಗೆದ್ದಿತು. ದಕ್ಷಿಣ ನೈಜೀರಿಯಾದಲ್ಲಿ ಕ್ರೈಸ್ತ ಚರ್ಚುಗಳ ಪ್ರಭಾವ ಎಷ್ಟಿದೆ ಎಂಬುದನ್ನು ಬಲ್ಲವರಿಗೆ ಈ ಆರೋಪದ ತೂಕ ಅರ್ಥವಾಗುತ್ತದೆ. ಅದರಲ್ಲೂ ಚರ್ಚಿನಲ್ಲೇ ಹಾಡಿ ಬೆಳೆದ ಹುಡುಗನ ಮೇಲೆ ಅದು ಬಂದಿತ್ತು.

ಆ ಮುಖವಾಡ ರಾಣಿ ಇಡಿಯಾ ಅವರದು. ಹದಿನಾರನೆಯ ಶತಮಾನದ ಆರಂಭದಲ್ಲಿ ಬೆನಿನ್ ಆಳಿದ ಓಬಾ ಎಸಿಗೀ ಅವರ ತಾಯಿ ಆಕೆ. ಆಕೆಯ ನೆನಪಿಗೆ ದಂತದಲ್ಲಿ ಕಡೆದ ಮುಖವಾಡಗಳಲ್ಲಿ ಬಹು ಪ್ರಸಿದ್ಧವಾದ ಎರಡರಲ್ಲಿ ಒಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. ಸುಮಾರು 24 ಸೆಂಟಿಮೀಟರ್ ಎತ್ತರದ, ಅಂಗೈಗಿಂತ ದೊಡ್ಡದಾದ ಕೆತ್ತನೆಗಳಿವು. ರೆಪ್ಪೆ ಅರ್ಧ ಇಳಿಬಿಟ್ಟ ಶಾಂತ ಕಣ್ಣುಗಳು, ಹಣೆಯ ಮೇಲೆ ಎರಡು ಉದ್ದನೆಯ ಗೆರೆಗಳು, ತಲೆಯ ಸುತ್ತ ಕಿರೀಟದಂತೆ ಸಾಲುಗಟ್ಟಿದ ಗಡ್ಡದ ಪುಟ್ಟ ಮುಖಗಳು. ಆ ಗಡ್ಡದವರು ಪೋರ್ಚುಗೀಸರು, ಆ ಕಾಲದಲ್ಲಿ ಬೆನಿನ್ ಜೊತೆ ವ್ಯಾಪಾರಕ್ಕೆ ಬಂದವರು. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ನಗರವನ್ನು ಹಿಡಿದು, ಅರಮನೆಯನ್ನು ದೋಚಿ, ಓಬಾ ಒವೊನ್‌ರಾಮ್ವೆನ್ ಅವರನ್ನು ಕ್ಯಾಲಬಾರಿಗೆ ಗಡಿಪಾರು ಮಾಡಿದಾಗ ಸಾವಿರಾರು ಶಿಲ್ಪಗಳ ಜೊತೆ ಇವೂ ಹೊರಹೋದವು. 1977ರಲ್ಲಿ ಲಾಗೋಸಿನಲ್ಲಿ ನಡೆದ ಕರಿಯ ಜನರ ಜಾಗತಿಕ ಕಲಾ ಉತ್ಸವ ‘ಫೆಸ್ಟಾಕ್’ಗೆ ಇದೇ ಮುಖವಾಡ ಲಾಂಛನವಾಯಿತು. ಉತ್ಸವದ ಕಾಲಕ್ಕಾದರೂ ಮೂಲ ಕೃತಿಯನ್ನು ಎರವಲು ಕೊಡಿ ಎಂದು ನೈಜೀರಿಯಾ ಕೇಳಿದಾಗ ಬ್ರಿಟಿಷ್ ಮ್ಯೂಸಿಯಂ ಒಪ್ಪಲಿಲ್ಲ.

ಇಷ್ಟನ್ನು ತಿಳಿದ ಮೇಲೆ ಲಂಡನ್ನಿನ ಆ ಪ್ರವೇಶವನ್ನು ಮತ್ತೊಮ್ಮೆ ನೋಡಬೇಕು. ಮೂಲ ಮುಖವಾಡ ಇರುವ ನಗರದಲ್ಲೇ, ಅದರ ಪ್ರತಿಯನ್ನು ಧರಿಸಿ, ಆ ಊರಿನ ಹುಡುಗ ಸಾವಿರಾರು ಜನರ ಮುಂದೆ ಬಂದು ನಿಲ್ಲುತ್ತಾನೆ. ಬಾವಲಿಗೂ ಊರಿನ ನಂಟಿದೆ. ಬೆನಿನ್ ನಗರದ ನಡುವಿನ ವೃತ್ತದ ಮೇಲೆ ಸಂಜೆ ಬಾವಲಿಗಳ ಹಿಂಡು ಹಾರುವುದನ್ನು ನೋಡುತ್ತ ಬೆಳೆದವರು ಅಲ್ಲಿ ಬೇಕಾದಷ್ಟು ಜನ. ರೆಮಾ ಇದನ್ನೆಲ್ಲ ವಿವರಿಸಿದರು, ಕೆಲವರು ಒಪ್ಪಿದರು, ಅನೇಕರು ಒಪ್ಪಲಿಲ್ಲ. ನನಗೆ ಇಲ್ಲಿ ಹೆಚ್ಚು ನೋವು ತರುವುದು ಆರೋಪ ಮಾಡಿದವರ ಮುಗ್ಧತೆ. ತಮ್ಮದೇ ಚರಿತ್ರೆಯ ಒಂದು ಮುಖ ಎದುರಿಗೆ ಬಂದಾಗ ಅವರು ಅದನ್ನು ಗುರುತಿಸಲಿಲ್ಲ. ವಸಾಹತು ಆಳ್ವಿಕೆ ವಸ್ತುಗಳನ್ನು ಕೊಂಡೊಯ್ದ ಜೊತೆಗೆ ಅವುಗಳ ನೆನಪನ್ನೂ ಎಷ್ಟರಮಟ್ಟಿಗೆ ಅಳಿಸಿಹಾಕಿತ್ತು ಎಂಬುದು ಆ ಕೆಲವು ದಿನಗಳಲ್ಲಿ ಕಣ್ಣಿಗೆ ಕಟ್ಟಿತು. ‘ಹೇಯ್ಸ್’ ಸಿದ್ಧವಾದದ್ದು ಈ ಗದ್ದಲದ ನಂತರದ ತಿಂಗಳುಗಳಲ್ಲಿ. ‘ಒಂದು’ ಎಂಬರ್ಥದ ಗ್ರೀಕ್ ಪದವನ್ನು ಶೀರ್ಷಿಕೆಯಾಗಿಟ್ಟು, ಅವರು ತಮ್ಮ ಮೇಲೆ ಬಂದ ಕತ್ತಲಿನ ಚಿತ್ರವನ್ನು ತೆಗೆದುಹಾಕುವ ಬದಲು ಇನ್ನಷ್ಟು ಗಾಢಗೊಳಿಸಿದರು.

ಈಗ ಹಾಡುಗಳಿಗೆ ಬರೋಣ. ಮೊದಲ ಹಾಡು ‘ಮಾರ್ಚ್ ಆಮ್’ ಶುರುವಾಗುತ್ತಲೇ ಕೇಳುಗನಿಗೆ ವಿಷಯ ಗೊತ್ತಾಗುತ್ತದೆ. ಚರ್ಮವಾದ್ಯಗಳ ಸದ್ದು ಒಂದರ ಮೇಲೊಂದು ಬೀಳುತ್ತದೆ, ಧ್ವನಿ ರಾಗ ಹಿಡಿಯುವುದಕ್ಕೆ ಮೊದಲೇ ಕೂಗುತ್ತದೆ. ‘ಕಾಮ್ ಡೌನ್’ನಲ್ಲಿ ಸಾಲಿನ ಕೊನೆಯನ್ನು ಮೆಲ್ಲಗೆ ಎಳೆದು ಬಿಡುತ್ತಿದ್ದ ಅದೇ ಗಾಯಕ ಇಲ್ಲಿ ಸಾಲುಗಳನ್ನು ಕತ್ತರಿಸಿ ಎಸೆಯುತ್ತಾರೆ. ಎರಡನೆಯ ಹಾಡು ‘ಅಝಾಮನ್’ ದುಡ್ಡಿನ ಹಾಡು, ನೈಜೀರಿಯಾದ ಸಿರಿವಂತರ ಹೆಸರುಗಳು ಅದರಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಮೂರನೆಯ ‘ಹೆಹೆಹೆ’ ಟೀಕಾಕಾರರಿಗೆ ಕೊಟ್ಟ ಉತ್ತರ. ನಗುವೇ ಅದರ ಪಲ್ಲವಿ. ನೈಜೀರಿಯಾದ ಪಾಪ್ ಲೋಕದಲ್ಲಿ ವಿಝ್‌ಕಿಡ್, ಡೇವಿಡೊ, ಬರ್ನಾ ಬಾಯ್ ಈ ಮೂವರನ್ನು ಮೂವರು ದೊಡ್ಡವರು ಎಂದು ಕರೆಯುವ ರೂಢಿಯಿದೆ. ಇನ್ನು ಮೂವರಲ್ಲ, ನಾಲ್ವರು ಎಂದು ರೆಮಾ ಈ ಹಾಡಿನಲ್ಲಿ ಸಾರುತ್ತಾರೆ. ಇದೊಂದು ಸಾಲು ಎಬ್ಬಿಸಿದ ಚರ್ಚೆ ಇಡೀ ಆಲ್ಬಂನ ಸಂಗೀತ ಎಬ್ಬಿಸಿದ ಚರ್ಚೆಗಿಂತ ದೊಡ್ಡದಾಗಿತ್ತು ಎಂಬುದು ಬೇಸರದ ಮಾತು.

‘ಬೆನಿನ್ ಬಾಯ್ಸ್’ ಹಾಡಿನಲ್ಲಿ ಅದೇ ಊರಿನ ಗಾಯಕ ಶಲ್ಲಿಪೋಪಿ ಜೊತೆಯಾಗುತ್ತಾರೆ. ಅವರ ಶೈಲಿ ಹಾಡುಗಾರಿಕೆಗಿಂತ ಕಟ್ಟೆಯ ಮೇಲೆ ಕುಳಿತು ಮಾತಾಡಿದ ಹಾಗೆ ಸಾವಧಾನವಾದದ್ದು. ರೆಮಾ ಅವರ ಚುರುಕಿನ ಪಕ್ಕದಲ್ಲಿ ಆ ಆಲಸ್ಯದ ದನಿ ಬಂದು ನಿಲ್ಲುವ ರೀತಿ ಕೇಳಲು ಬಹಳ ಹಿತವಾಗಿದೆ. ಲಾಗೋಸಿನ ಮಧ್ಯಸ್ಥಿಕೆಯಿಲ್ಲದೆ ಬೆನಿನ್‌ನ ಇಬ್ಬರು ತಮ್ಮ ಊರಿನ ಹೆಸರಿನಲ್ಲೇ ಹಾಡಿದ್ದು ದೇಶವಿಡೀ ಕೇಳುವ ಹಾಡಾದದ್ದು ಸಣ್ಣ ಸಂಗತಿಯಲ್ಲ. ಉವೈಫೊ ಅವರ ಕಾಲದ ನಂತರ ಆ ನಗರಕ್ಕೆ ಇಂಥ ಗಳಿಗೆ ಬಂದದ್ದು ಕಡಿಮೆ.

ಆಲ್ಬಂನ ಹೃದಯ ಇರುವುದು ಏಳನೆಯ ಹಾಡು ‘ಓಝೆಬಾ’ದಲ್ಲಿ. ಸಭೆಯಲ್ಲಿ ಈ ಹಾಡನ್ನು ಪೂರ್ತಿ ಕೇಳಿಸಿದಾಗ ಕೆಲವರು ಮುಖ ಕಿವಿಚಿದ್ದನ್ನು ಗಮನಿಸಿದೆ, ಅದು ಸಹಜವೇ. ಲಯ ‘ಕಾಮ್ ಡೌನ್’ಗಿಂತ ಬಹಳ ವೇಗದ್ದು. ಅದರ ಮೂಲ ಲಾಗೋಸಿನ ಬೀದಿಗಳಲ್ಲಿ ಡಿಜೆಗಳು ಬೆಳೆಸಿದ ‘ಮಾರಾ’ ಎಂಬ ಸಂಗೀತ. ಸಿಕ್ಕ ಸದ್ದುಗಳನ್ನು ತುಂಡರಿಸಿ ಜೋಡಿಸಿ, ತಾಳವನ್ನು ಓಡಿಸಿ, ರಾತ್ರಿಯಿಡೀ ಕುಣಿಯುವ ಹುಡುಗರಿಗಾಗಿ ಮಾಡಿದ ಅಗ್ಗದ, ಒರಟು, ಜೀವಂತ ಸಂಗೀತ ಅದು. ಶ್ರೀಮಂತ ಸ್ಟುಡಿಯೊಗಳು ಅದನ್ನು ಬಹುಕಾಲ ಹತ್ತಿರ ಸೇರಿಸಿರಲಿಲ್ಲ. ‘ಓಝೆಬಾ’ದಲ್ಲಿ ಆ ಒರಟುತನವನ್ನು ನಯಗೊಳಿಸದೆ ಉಳಿಸಿಕೊಂಡಿದ್ದಾರೆ. ಧ್ವನಿ ಒಮ್ಮೆ ಗದರುತ್ತದೆ, ಒಮ್ಮೆ ಕೀರಲಾಗುತ್ತದೆ, ಒಂದೇ ಪದ ಮತ್ತೆ ಮತ್ತೆ ಬಂದು ತಾಳದ ಭಾಗವೇ ಆಗಿಬಿಡುತ್ತದೆ. ಸ್ವರಕ್ಕಿಂತ ಪಾಟಾಕ್ಷರಗಳಿಗೆ ಕಿವಿಗೊಡುವ ಕೇಳುಗರು ನಮ್ಮಲ್ಲೂ ಇದ್ದಾರೆ, ಅವರಿಗೆ ಈ ಹಾಡು ಬೇಗ ಒಲಿಯುತ್ತದೆ ಎಂದು ನನಗನ್ನಿಸುತ್ತದೆ.

‘ವಾರ್ ಮಷೀನ್’ನಲ್ಲಿ ರ‍್ಯಾಪರ್ ಒಡುಮೊಡುಬ್ಲ್ಯಾಕ್ ಸೇರಿಕೊಳ್ಳುತ್ತಾರೆ. ಅಲ್ಲಿ ಆರ್ಭಟವಿದೆ, ಹೊಸತು ಕಡಿಮೆ. ‘ಎಗುಂಗುನ್’ ಎಂದರೆ ಯೊರುಬಾ ಜನರ ಪಿತೃಗಳ ವೇಷ. ಪೂರ್ವಜರ ಆತ್ಮ ಮೈಮೇಲೆ ಬಂದು ವೇಷಧಾರಿ ಬಟ್ಟೆಯ ಪದರಗಳನ್ನು ಬೀಸುತ್ತ ತಿರುಗಿ ಕುಣಿಯುವ ಆ ಆಚರಣೆಯ ಹೆಸರನ್ನು ಹಾಡಿಗಿಟ್ಟದ್ದು, ಲಂಡನ್ನಿನ ಮುಖವಾಡದ ಪ್ರಕರಣದ ನಂತರ, ಧೈರ್ಯದ ಕೆಲಸವೇ. ಹತ್ತನೆಯ ‘ವಿಲನ್’ನಲ್ಲಿ ರಾಗದ ಎಳೆ ಸ್ವಲ್ಪ ಹೊತ್ತು ಮರಳುತ್ತದೆ. ಕೊನೆಯ ‘ನೌ ಐ ನೋ’ದಲ್ಲಿ ಇಡೀ ಆಲ್ಬಂನ ಓಟ ನಿಂತು, ಚಿಕ್ಕ ವಯಸ್ಸಿನಲ್ಲಿ ಕಳೆದುಕೊಂಡದ್ದರ, ಹೊತ್ತುಕೊಂಡದ್ದರ ಮಾತು ಬರುತ್ತದೆ. ಅಷ್ಟು ಹೊತ್ತಿನ ಜಂಬದ ಹಿಂದೆ ಏನಿತ್ತು ಎಂಬುದು ಕೇಳುಗನಿಗೆ ಆಗ ತಿಳಿಯುತ್ತದೆ. ಈ ಹಾಡನ್ನು ಕೇಳದೆ ‘ಹೇಯ್ಸ್’ ಬಗ್ಗೆ ತೀರ್ಪು ಕೊಟ್ಟವರು ಬಹಳ ಮಂದಿ ಇದ್ದಾರೆ.

ಬಿಡುಗಡೆಯಾದ ಮೊದಲ ದಿನಗಳಲ್ಲಿ ನೈಜೀರಿಯಾದ ಕೇಳುಗರು ನೇರವಾಗಿ ಎರಡು ಪಾಲಾದರು. ಇದು ಹಾಡಲ್ಲ, ಅರಚಾಟ ಎಂದರು ಕೆಲವರು. ಇಷ್ಟು ವರ್ಷ ನಾವು ಕಾದಿದ್ದ ಜೀವ ಈಗ ಬಂತು ಎಂದರು ಇನ್ನು ಕೆಲವರು. ಆಕ್ಷೇಪ ಎತ್ತಿದವರಲ್ಲಿ ಎರಡು ಬಗೆಯವರಿದ್ದರು ಎಂಬುದನ್ನು ಗಮನಿಸಬೇಕು. ಒಂದು ಬಗೆಯವರಿಗೆ ‘ಕಾಮ್ ಡೌನ್’ನಂಥ ಹಾಡು ಬೇಕಿತ್ತು, ಅದು ಸಿಗಲಿಲ್ಲ. ಅವರ ನಿರಾಸೆ ಅರ್ಥವಾಗುವಂಥದ್ದೇ ಆದರೂ ಅದು ವಿಮರ್ಶೆಯಾಗುವುದಿಲ್ಲ, ಏಕೆಂದರೆ ಗಾಯಕ ಕೊಡಲು ಒಪ್ಪಿರದ ವಸ್ತುವನ್ನು ಕೊಡಲಿಲ್ಲ ಎಂದು ದೂರುವುದು ಅದು. ಇನ್ನೊಂದು ಬಗೆಯವರ ಮಾತಿಗೆ ಹೆಚ್ಚು ತೂಕವಿತ್ತು. ಹಾಡುಗಳು ತೀರಾ ಚಿಕ್ಕವು, ಸಾಹಿತ್ಯ ತೆಳುವಾಗಿದೆ, ಹಣ, ಶತ್ರುಗಳು, ತನ್ನ ದೊಡ್ಡತನ ಇವೇ ಸುತ್ತಿ ಸುತ್ತಿ ಬರುತ್ತವೆ ಎಂದು ಅವರು ಹೇಳಿದರು. ಅದನ್ನು ನಾನು ಭಾಗಶಃ ಒಪ್ಪುತ್ತೇನೆ. ‘ಅಝಾಮನ್’ನ ಹೆಸರುಗಳ ಪಟ್ಟಿಯಲ್ಲಿ ಹಾಸ್ಯವೂ ಇಲ್ಲ, ಪ್ರಶ್ನೆಯೂ ಇಲ್ಲ. ಬೆಲೆಯೇರಿಕೆಯಿಂದ ಜನ ತತ್ತರಿಸುತ್ತಿದ್ದ ದೇಶದಲ್ಲಿ, ಆಲ್ಬಂ ಬಂದ ತಿಂಗಳೊಳಗೇ ಹಸಿವಿನ ವಿರುದ್ಧ ಯುವಕರು ಬೀದಿಗಿಳಿದ ದೇಶದಲ್ಲಿ, ಸಿರಿವಂತರ ನಾಮಾವಳಿ ಅಷ್ಟು ನಿಶ್ಚಿಂತೆಯಿಂದ ಹಾಡಿಸಿಕೊಳ್ಳಬಾರದಿತ್ತು. ಫೆಲಾ ಕುಟಿ ಹುಟ್ಟಿದ ನಾಡಿನ ಸಂಗೀತದಿಂದ ಇಷ್ಟನ್ನು ನಿರೀಕ್ಷಿಸುವುದು ತಪ್ಪಾಗಲಾರದು.

ಚಿಕ್ಕದಾಯಿತು ಎಂಬ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊದಲ ಆಲ್ಬಂನಲ್ಲಿ 16 ಹಾಡುಗಳಿದ್ದವು, ಅವುಗಳಲ್ಲಿ ಕೆಲವು ಜಾಗ ತುಂಬಲೆಂದೇ ಬಂದಂತಿದ್ದವು. ಕೇಳಿಸಿಕೊಂಡ ಎಣಿಕೆಯ ಮೇಲೆ ಹಣ ಬರುವ ಈ ಕಾಲದಲ್ಲಿ ಇಪ್ಪತ್ತು ಹಾಡುಗಳ ಆಲ್ಬಂ ಮಾಡುವುದು ಕಂಪನಿಗಳಿಗೆ ಲಾಭ. ಇಂಥ ವೇಗದಲ್ಲಿ ಒಂದು ಗಂಟೆ ಹಾಡಿದರೆ ಕೇಳುಗನಿಗೆ ದಣಿವಾಗುತ್ತದೆ ಎಂಬ ಅಂದಾಜು ರೆಮಾ ಅವರಿಗೂ, ಪಿ. ಪ್ರೈಮ್ ಮತ್ತು ಲಂಡನ್ ಅವರಂಥ ಪ್ರೊಡ್ಯೂಸರ್‌ಗಳಿಗೂ ಇದ್ದಂತಿದೆ. ‘ಹೇಯ್ಸ್’ ಮುಗಿದಾಗ ಮತ್ತೆ ಮೊದಲಿನಿಂದ ಕೇಳೋಣ ಎನ್ನಿಸುತ್ತದೆ. ಅದರ ಅಳತೆ ಸರಿಯಾಗಿದೆ ಎಂಬುದಕ್ಕೆ ನನಗೆ ಅಷ್ಟು ಸಾಕು.

ಹೊರದೇಶಗಳ ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿಕೊಂಡರು. ಅದರಲ್ಲೂ ದೊಡ್ಡ ಗೆಲುವಿನ ನಂತರ ಸುರಕ್ಷಿತ ದಾರಿ ಹಿಡಿಯದ ಗಾಯಕನ ಎದೆಗಾರಿಕೆ ಅವರಿಗೆ ಹಿಡಿಸಿತು. 2024ರ ನವೆಂಬರಿನಲ್ಲಿ ಪ್ರಕಟವಾದ ಗ್ರ್ಯಾಮಿ ನಾಮನಿರ್ದೇಶನಗಳಲ್ಲಿ ‘ಹೇಯ್ಸ್’ ಅತ್ಯುತ್ತಮ ಜಾಗತಿಕ ಸಂಗೀತ ಆಲ್ಬಂ ವಿಭಾಗದಲ್ಲಿತ್ತು. ಟೆಮ್ಸ್ ಅವರ ‘ಬಾರ್ನ್ ಇನ್ ದ ವೈಲ್ಡ್’ ಕೂಡ ಅದೇ ವಿಭಾಗದಲ್ಲಿತ್ತು. ಪ್ರಶಸ್ತಿ ಇಬ್ಬರಿಗೂ ಬರದೆ ಮ್ಯಾಟ್ ಬಿ ಅವರಿಗೆ ಹೋಯಿತು. ಆದರೆ ರೆಮಾ ಅವರಿಗೆ ಸಿಕ್ಕ ಮೊದಲ ಗ್ರ್ಯಾಮಿ ನಾಮನಿರ್ದೇಶನ ಇದು. ಜಗತ್ತನ್ನೆಲ್ಲ ಮೆಚ್ಚಿಸಿದ ‘ಕಾಮ್ ಡೌನ್’ಗೆ ಅದು ದಕ್ಕಿರಲಿಲ್ಲ, ಹೊರಗಿನವರನ್ನು ಮೆಚ್ಚಿಸುವ ಯೋಚನೆಯನ್ನೇ ಬಿಟ್ಟು ಮಾಡಿದ ಆಲ್ಬಂಗೆ ದಕ್ಕಿತು. ಪ್ರಶಸ್ತಿಗಳನ್ನು ಅಳತೆಗೋಲು ಮಾಡಿಕೊಳ್ಳುವವನು ನಾನಲ್ಲ. ಆದರೂ ಮೆಲುದನಿಯಲ್ಲಿ ಹಾಡಿದರಷ್ಟೇ ಹೊರಗಿನವರು ಕಿವಿಗೊಡುತ್ತಾರೆ ಎಂದು ನಂಬಿದ್ದ ಲಾಗೋಸಿನ ಕಂಪನಿಗಳಿಗೆ ಇದು ಯೋಚಿಸಬೇಕಾದ ಸಂಗತಿಯಾಗಿತ್ತು.

ಇದೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಊರಿನಲ್ಲಿ ಕಾಲಕ್ರಮೇಣ ಆದ ಬದಲಾವಣೆ. ಲಾಗೋಸಿನಲ್ಲಿ ಡಿಸೆಂಬರ್ ಎಂದರೆ ಹಾಡಿನ ತಿಂಗಳು. ಹೊರದೇಶಗಳಲ್ಲಿರುವವರೆಲ್ಲ ಊರಿಗೆ ಬಂದು ಹೊಸ ವರ್ಷದವರೆಗೆ ರಾತ್ರಿಗಳೆಲ್ಲ ಕುಣಿತವಿರುತ್ತದೆ. ಯಾವ ಹಾಡು ನಿಜಕ್ಕೂ ಜನರದಾಯಿತು ಎಂಬುದು ಆ ತಿಂಗಳಲ್ಲಿ ತಿಳಿಯುತ್ತದೆ. ಜುಲೈಯಲ್ಲಿ ಅರಚಾಟ ಎನ್ನಿಸಿಕೊಂಡ ‘ಓಝೆಬಾ’ಕ್ಕೆ ಜನ ಕ್ಲಬ್ಬುಗಳಲ್ಲಿ ಮೈಮರೆತು ಕುಣಿದರು. ಈ ಸಂಗೀತ ಮನೆಯಲ್ಲಿ ಕುಳಿತು ಇಯರ್‌ಫೋನಿನಲ್ಲಿ ಕೇಳಲು ಮಾಡಿದ್ದಲ್ಲ, ನೂರಾರು ಮೈಗಳ ನಡುವೆ ದೊಡ್ಡ ಸ್ಪೀಕರಿನ ಎದುರು ಕೇಳಬೇಕಾದದ್ದು ಎಂಬುದು ಆಗ ಅನೇಕರಿಗೆ ಮನದಟ್ಟಾಯಿತು. 2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ರೆಮಾ ಹಾಡಿದರು. ನೈಜೀರಿಯಾದ ಕಿರಿಯ ಗಾಯಕರಲ್ಲೂ ವೇಗದ ಲಯಗಳತ್ತ ಒಲವು ಹೆಚ್ಚಿತು. ಅದಕ್ಕೆ ‘ಹೇಯ್ಸ್’ ಒಂದೇ ಕಾರಣ ಎನ್ನುವುದು ಅತಿಯಾದೀತು, ಬೀದಿಯ ಡಿಜೆಗಳು ಆ ಕೆಲಸವನ್ನು ಮೊದಲೇ ಆರಂಭಿಸಿದ್ದರು. ಆದರೆ ದೇಶದ ಅತಿ ದೊಡ್ಡ ಗಾಯಕರಲ್ಲೊಬ್ಬರು ಅದನ್ನು ಕೈಗೆತ್ತಿಕೊಂಡದ್ದರಿಂದ ಬೀದಿಯ ಸಂಗೀತಕ್ಕೆ ಸ್ಟುಡಿಯೊದ ಬಾಗಿಲು ತೆರೆಯಿತು.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಈ ಆಲ್ಬಂನ ಯಾವ ಹಾಡೂ ‘ಕಾಮ್ ಡೌನ್’ನ ಹತ್ತಿರಕ್ಕೂ ಬರಲಿಲ್ಲ. ಭಾರತದಲ್ಲಂತೂ ‘ಓಝೆಬಾ’ ಎಂದರೆ ಬಹುತೇಕ ಯಾರಿಗೂ ಗೊತ್ತಿಲ್ಲ. ರೆಮಾ ಅವರೂ ವೇಗವನ್ನೇ ವ್ರತವಾಗಿ ಹಿಡಿದು ಕುಳಿತವರಲ್ಲ. 2025ರ ಫೆಬ್ರವರಿಯಲ್ಲಿ ಬಂದ ಅವರ ‘ಬೇಬಿ, ಈಸ್ ಇಟ್ ಎ ಕ್ರೈಮ್’ ನೈಜೀರಿಯಾದ ಇಬಾಡನ್‌ನಲ್ಲಿ ಹುಟ್ಟಿದ ಗಾಯಕಿ ಶಾಡೇ ಅವರ ಹಳೆಯ ಹಾಡೊಂದರ ತುಣುಕಿನ ಮೇಲೆ ನಿಂತ ನಿಧಾನದ ಪ್ರೇಮಗೀತೆ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ‘ಕೆಲೆಬು’ ಮತ್ತೆ ಓಡುವ ಲಯದ್ದು. ಮೊದಲನೆಯದನ್ನು ಎಲ್ಲರೂ ಒಮ್ಮೆಲೇ ಮೆಚ್ಚಿದರು, ಎರಡನೆಯದರ ಬಗ್ಗೆ ‘ಹೇಯ್ಸ್’ ಬಂದಾಗಿನ ವಾದವೇ ಮತ್ತೆ ಎದ್ದಿತು. ಎರಡನ್ನೂ ಹಾಡಬಲ್ಲ ಗಾಯಕ ತಮ್ಮ ಮೂರನೆಯ ಆಲ್ಬಂನಲ್ಲಿ ಯಾವುದಕ್ಕೆ ಎಷ್ಟು ಜಾಗ ಕೊಡುತ್ತಾರೆ ಎಂಬುದನ್ನು ತಿಳಿಯುವ ಕುತೂಹಲ ನನಗಿದೆ. ಅದು ಬರುವ ಮೊದಲು ‘ಹೇಯ್ಸ್’ ಅನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಬಿಡದೆ, ಸಾಧ್ಯವಾದರೆ ದೊಡ್ಡ ಸದ್ದಿನಲ್ಲಿ, ನೀವೆಲ್ಲರೂ ಒಮ್ಮೆ ಕೇಳಬೇಕೆಂದು ಕೋರುತ್ತೇನೆ.